ಪುಷ್ಪಗಿರಿ ಹತ್ತುವ ಮುಂಚೆ: ಒಂದು ದಿನದ ಕಷ್ಟದ ಚಾರಣಕ್ಕೆ ಮನೆಯಿಂದಲೇ ತಯಾರಿ

ಬೆಟ್ಟ ಹತ್ತಿ ಬಂದವರನ್ನು ಮಾತಾಡಿಸಿ ನೋಡಿ. ಹತ್ತಿದ್ದರ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ. ಇಳಿದದ್ದರ ಬಗ್ಗೆ ಎರಡೇ ಮಾತು: "ಕಾಲು ಬಿದ್ದೇ ಹೋಯ್ತು." ನಾನು ಸೋಮವಾರಪೇಟೆ ಕಡೆಯವನು. ಪುಷ್ಪಗಿರಿಯನ್ನು ಮನೆ ಅಂಗಳದಿಂದ ನೋಡುತ್ತಾ ಬೆಳೆದವನು. ಆ ಬೆಟ್ಟದಲ್ಲಿ ನಾನು ಕಂಡ ತೊಂದರೆಗಳು ಹೆಚ್ಚು ಕಮ್ಮಿ ಎಲ್ಲವೂ ಇಳಿಯುವಾಗ ಆದದ್ದು. ಮೊಣಕಾಲು ಕೈಕೊಡುವುದು, ಕಾಲ್ಬೆರಳ ಉಗುರು ಕಪ್ಪಾಗುವುದು, ನೀರು ಮುಗಿಯುವುದು, ಕಾಡಿನೊಳಗೆ ಕತ್ತಲಾಗುವುದು, ಎಲ್ಲವೂ ಮಧ್ಯಾಹ್ನದ ಮೇಲೆ.

ಹಾಗಾಗಿ ಇಲ್ಲಿ ಬರೆದಿರುವ ಪ್ರತಿ ಹಂತವೂ ಇಳಿಯುವುದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಬರೆದದ್ದು. ತುದಿ ಮುಟ್ಟುವುದಕ್ಕೆ ಉತ್ಸಾಹವಾದರೂ ಸಹಾಯ ಮಾಡುತ್ತದೆ. ಕೆಳಗೆ ಬರುವುದಕ್ಕೆ ತಯಾರಿಯೇ ಬೇಕು.

ಮೊದಲು ಬೆಟ್ಟವನ್ನು ತಿಳಿದುಕೊಳ್ಳಿ

ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, 1748 ಮೀಟರ್. ಕಕ್ಕಬ್ಬೆ ಹತ್ತಿರ, ನಾಲ್ಕುನಾಡು ಅರಮನೆಯ ಮೇಲ್ಗಡೆ ಇದೆ. ಪುಷ್ಪಗಿರಿ ಅದಕ್ಕಿಂತ ಸ್ವಲ್ಪ ಕಮ್ಮಿ, ಸುಮಾರು 1712 ಮೀಟರ್. ಆದರೆ ಕಷ್ಟದಲ್ಲಿ ಪುಷ್ಪಗಿರಿಯೇ ಮುಂದೆ. ತಡಿಯಂಡಮೋಳ್‌ನಲ್ಲಿ ಬೆಟ್ಟದ ಮೈಯಲ್ಲಿ ಬಹಳ ದೂರ ಜೀಪು ದಾರಿ ಇದೆ, ಮೇಲೆ ಹುಲ್ಲುಗಾವಲು. ಪುಷ್ಪಗಿರಿಯಲ್ಲಿ ದಟ್ಟ ಕಾಡು, ಬೇರು, ತೊರೆ, ಕೊನೆಗೆ ಬೋಳು ಬಂಡೆ.

ಘಟ್ಟದ ಕೆಳಗಿನವರು ಕುಮಾರ ಪರ್ವತ ಅನ್ನುವುದೂ ಇದನ್ನೇ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಗಿರಿಗದ್ದೆ, ಕಲ್ಲು ಮಂಟಪ, ಶೇಷ ಪರ್ವತ ದಾಟಿ ಬರುವ ದಾರಿ ಉದ್ದ. ಒಂದು ಕಡೆಗೇ 13 ಕಿ.ಮೀ. ಹತ್ತಿರ, ಅರ್ಧ ದಾರಿ ಬಿಸಿಲಿನಲ್ಲಿ. ಕೊಡಗಿನ ಕಡೆಯಿಂದ ಬೀದಹಳ್ಳಿ, ಹೆಗ್ಗಡೆಮನೆ ಮೂಲಕ ಹೋದರೆ ಆರೇಳು ಕಿ.ಮೀ., ಬಹುಪಾಲು ನೆರಳು. ಒಂದೇ ದಿನದಲ್ಲಿ ಹತ್ತಿ ಇಳಿಯುವವರಿಗೆ ಕೊಡಗಿನ ದಾರಿಯೇ ಸರಿ. ಕಮ್ಮಿ ದೂರ ಅಂತ ಹಗುರವಾಗಿ ತಗೋಬೇಡಿ. ದೂರ ಕಮ್ಮಿಯಾದಷ್ಟೂ ಏರು ಕಡಿದಾಗುತ್ತದೆ, ಅಲ್ವಾ?

ಯಾವಾಗ ಹೋಗಬೇಕು, ಯಾರನ್ನು ಕೇಳಬೇಕು

ಅಕ್ಟೋಬರ್ ಕೊನೆಯಿಂದ ಜನವರಿ ಕೊನೆಯವರೆಗೆ ಒಳ್ಳೆಯ ಕಾಲ. ನನ್ನ ಆಯ್ಕೆ ಡಿಸೆಂಬರ್. ಅಕ್ಟೋಬರ್‌ನಲ್ಲಿ ಇನ್ನೂ ಮಧ್ಯಾಹ್ನದ ಗುಡುಗು ಮಳೆ ಇರುತ್ತದೆ, ಬಂಡೆ ಒಣಗಿರುವುದಿಲ್ಲ. ಫೆಬ್ರವರಿ ದಾಟಿದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ. ಆಗ ಅರಣ್ಯ ಇಲಾಖೆ ದಾರಿ ಮುಚ್ಚುವುದುಂಟು. ಜೂನ್‌ನಿಂದ ಸೆಪ್ಟೆಂಬರ್ ಮಾತೇ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿ ಬಂದದ್ದನ್ನು ನೋಡಿದ ಮೇಲೆ, ಮಳೆಗಾಲದಲ್ಲಿ ಕಡಿದಾದ ಜಾಗಕ್ಕೆ ಹೋಗುವುದನ್ನು ನಾವು ಯಾರೂ ಸಾಹಸ ಅನ್ನುವುದಿಲ್ಲ.

ಇದು ಪುಷ್ಪಗಿರಿ ವನ್ಯಜೀವಿ ಧಾಮ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಅನುಮತಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಸಾವಿರಾರು ಜನ ಕುಮಾರ ಪರ್ವತಕ್ಕೆ ನುಗ್ಗಿದ ಮೇಲೆ ಸರ್ಕಾರ ಚಾರಣಗಳಿಗೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದಿತು. ಮೊದಲು ಇಲಾಖೆಯ ವೆಬ್‌ಸೈಟ್‌ನಲ್ಲಿ ದಾರಿ ತೆರೆದಿದೆಯಾ ನೋಡಿ, ಬುಕ್ ಮಾಡಿ, ಆಮೇಲೆ ರಜೆ ಹಾಕಿ. ಈ ಕ್ರಮ ತಿರುಗಾಮುರುಗಾ ಆದರೆ ಚೆಕ್‌ಪೋಸ್ಟ್‌ನಿಂದಲೇ ವಾಪಸ್ ಬರಬೇಕಾಗುತ್ತದೆ. ಶನಿವಾರ, ಭಾನುವಾರ ಬಿಟ್ಟು ವಾರದ ಮಧ್ಯೆ ಹೋಗಲು ಸಾಧ್ಯವಾದರೆ ಅದೇ ಒಳ್ಳೆಯದು. ಬಂಡೆಯ ಮೇಲೆ ಹಿಂದೆ ಮುಂದೆ ಜನ ತಳ್ಳಾಡುತ್ತಿದ್ದರೆ ನಿಮ್ಮ ಲಯದಲ್ಲಿ ನಡೆಯುವುದಕ್ಕೆ ಆಗುವುದಿಲ್ಲ.

ಎಂಟು ವಾರ ಮುಂಚೆ: ಕಾಲಿಗೆ ಇಳಿಯುವುದನ್ನು ಕಲಿಸಿ

ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಮೈಭಾರವನ್ನು ತಡೆಹಿಡಿಯಬೇಕು. ಸ್ನಾಯುವಿನ ಎಳೆಗಳಿಗೆ ಜಾಸ್ತಿ ಪೆಟ್ಟಾಗುವುದು ಈ ಎರಡನೇ ಕೆಲಸದಲ್ಲಿ. ಒಂದೆರಡು ದಿನ ಬಿಟ್ಟು ಮೆಟ್ಟಿಲು ಇಳಿಯಲಾಗದೆ ಒದ್ದಾಡುವುದು ಇದರಿಂದಲೇ. ಒಳ್ಳೆಯ ವಿಷಯ ಏನೆಂದರೆ, ಮುಂಚೆಯೇ ಸ್ವಲ್ಪ ಸ್ವಲ್ಪ ಇಳಿದು ಅಭ್ಯಾಸ ಮಾಡಿಸಿದರೆ ಸ್ನಾಯು ಬೇಗ ಕಲಿತುಕೊಳ್ಳುತ್ತದೆ.

ಮೊದಲ ಮೂರು ವಾರ ದಿನಕ್ಕೆ 45 ನಿಮಿಷ ಬಿರುಸಿನ ನಡಿಗೆ, ವಾರಕ್ಕೆ ನಾಲ್ಕು ದಿನ. ಮಡಿಕೇರಿಯವರಿಗೆ ಇದು ಸುಲಭ, ಮನೆ ಬಾಗಿಲು ತೆಗೆದರೆ ಏರು ರಸ್ತೆ. ಬೆಂಗಳೂರು, ಮೈಸೂರಿನಲ್ಲಿ ಇರುವವರು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಿರಿ. ಹತ್ತಿದ್ದಷ್ಟೇ ಮುಖ್ಯವಾಗಿ ಇಳಿಯಲೂ ಬೇಕು, ಧಡಧಡ ಅಂತಲ್ಲ, ನಿಧಾನವಾಗಿ.

ನಾಲ್ಕನೇ ವಾರದಿಂದ ಮನೆಯಲ್ಲೇ ಒಂದು ವ್ಯಾಯಾಮ ಸೇರಿಸಿ. ಜಗಲಿಯ ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಲ್ಲಿ. ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು ಎಣಿಸುತ್ತಾ ಕೆಳಗಿನ ಮೆಟ್ಟಿಲಿಗೆ ತಾಗಿಸಿ, ಮತ್ತೆ ಮೇಲೆ ಬನ್ನಿ. ಮೊಣಕಾಲು ಒಳಕ್ಕೆ ವಾಲಬಾರದು, ಪಾದದ ನೇರಕ್ಕೇ ಇರಬೇಕು. ಒಂದೊಂದು ಕಾಲಿಗೆ ಹತ್ತು ಸಲ, ಮೂರು ಸುತ್ತು. ನೋಡಲು ಸಣ್ಣದು. ಆದರೆ ಇಳಿಯುವಾಗ ಮೊಣಕಾಲನ್ನು ಇದರಷ್ಟು ಕಾಪಾಡಿದ ವ್ಯಾಯಾಮ ನಾನು ಇನ್ನೊಂದು ಕಂಡಿಲ್ಲ.

ಆಮೇಲೆ ಬೆನ್ನಿಗೆ ಐದು ಕಿಲೋ ಬ್ಯಾಗು ಹಾಕಿಕೊಂಡು ನಡೆಯಿರಿ. ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ ಜಾಗ ಮಲ್ಲಳ್ಳಿ ಜಲಪಾತ. ಪುಷ್ಪಗಿರಿಯಲ್ಲಿ ಹುಟ್ಟುವ ಕುಮಾರಧಾರೆಯೇ ಅಲ್ಲಿ ಧುಮುಕುವುದು. ಜಲಪಾತದ ಬುಡಕ್ಕೆ ನೂರಾರು ಮೆಟ್ಟಿಲು. ಅಲ್ಲಿ ಮೊದಲು ಇಳಿಯಬೇಕು, ಆಮೇಲೆ ದಣಿದ ಕಾಲಲ್ಲಿ ಹತ್ತಬೇಕು. ಎರಡು ಸಲ ಹೋಗಿ ಬಂದರೆ ನಿಮ್ಮ ಕಾಲು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಆರನೇ ಅಥವಾ ಏಳನೇ ವಾರ ಒಂದು ಪರೀಕ್ಷೆ. ಮಾದಾಪುರದ ಹತ್ತಿರದ ಕೋಟೆಬೆಟ್ಟವೋ ತಡಿಯಂಡಮೋಳ್ ಬೆಟ್ಟವೋ ಹತ್ತಿ ಇಳಿಯಿರಿ. ಹೊರಡುವ ದಿನದ್ದೇ ಶೂ, ಅದೇ ಬ್ಯಾಗು, ಅದೇ ಭಾರ. ಮರುದಿನ ಮೊಣಕಾಲು ಊದಿಕೊಂಡರೆ ಪುಷ್ಪಗಿರಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ಬರೀ ತೊಡೆ ನೋವಾದರೆ ಪರವಾಗಿಲ್ಲ. ಕೊನೆಯ ವಾರ ವಿಶ್ರಾಂತಿ, ಸುಮ್ನೆ ಓಡಾಡಿಕೊಂಡಿರಿ ಸಾಕು. ಬಿಪಿ, ಹೃದಯ, ಉಬ್ಬಸದ ತೊಂದರೆ ಇರುವವರು ಇದನ್ನೆಲ್ಲ ಶುರು ಮಾಡುವ ಮುಂಚೆಯೇ ಡಾಕ್ಟರನ್ನು ಕಾಣಿ.

ಶೂ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಾನು ಇದರಲ್ಲೇ ಪೆಟ್ಟು ತಿಂದವನು.

ಕೆಲವು ವರ್ಷದ ಹಿಂದೆ, ನವೆಂಬರ್. ನನ್ನ ಹತ್ತಿರ ಒಂದು ಜೊತೆ ಒಳ್ಳೆಯ ಚಾರಣದ ಶೂ ಇತ್ತು. ಐದಾರು ಸಲ ಮಾತ್ರ ಹಾಕಿದ್ದೆ. ಮಳೆಗಾಲ ಪೂರ್ತಿ ಅಟ್ಟದಲ್ಲಿ ಇತ್ತು. ಇಳಿಸಿದಾಗ ಬಿಳೀ ಬೂಸ್ಟು ಹಿಡಿದಿತ್ತು, ಒರೆಸಿದೆ, ಹೊಸದರ ಹಾಗೇ ಕಂಡಿತು. ಕಾಡು ಮುಗಿದು ಬಂಡೆ ಶುರುವಾಗುವ ಜಾಗದಲ್ಲಿ ಬಲಗಾಲಿನ ತುದಿಯಲ್ಲಿ ಪಟಪಟ ಸದ್ದು. ನೋಡಿದರೆ ಅಟ್ಟೆ ಬಾಯಿ ಬಿಟ್ಟಿದೆ. ಹತ್ತು ಹೆಜ್ಜೆಗೆ ಹಿಮ್ಮಡಿಯೂ ಬಿಟ್ಟಿತು. ಅಟ್ಟೆಯ ಒಳಗಿನ ಮೆತ್ತನೆ ಪದರವನ್ನು ಬೆರಳಲ್ಲಿ ಒತ್ತಿದರೆ ಹಳೇ ರಸ್ಕಿನ ಹಾಗೆ ಪುಡಿಪುಡಿ ಉದುರಿತು. ಗೆಳೆಯನ ಹತ್ತಿರ ಹೆಚ್ಚುವರಿ ಲೇಸು ಇತ್ತು. ಅಟ್ಟೆಯನ್ನು ಪಾದಕ್ಕೆ ಸುತ್ತಿ ಕಟ್ಟಿ ಅಲ್ಲಿಂದಲೇ ತಿರುಗಿದೆವು. ತುದಿ ಕಣ್ಣೆದುರಿಗೇ ಇತ್ತು. ಕೆಳಗೆ ಬರುವಷ್ಟರಲ್ಲಿ ನಾಲ್ಕು ಸಲ ಬಿಚ್ಚಿ ಕಟ್ಟಿದ್ದೆ. ಪಾದದ ಅಡಿಯಲ್ಲಿ ಒಂದೊಂದು ಕಲ್ಲೂ ತಿಳಿಯುತ್ತಿತ್ತು.

ಆಮೇಲೆ ಗೊತ್ತಾಯಿತು. ಬಹಳ ಶೂಗಳ ಅಟ್ಟೆಯ ಒಳಪದರ ಪಾಲಿಯುರೆಥೇನ್. ಅದು ಗಾಳಿಯ ತೇವ ಹೀರಿಕೊಂಡು ನಿಧಾನವಾಗಿ ಒಡೆಯುತ್ತದೆ. ಹಾಕದೆ ಇಟ್ಟರೂ ಒಡೆಯುತ್ತದೆ. ಕೊಡಗಿನ ಮಳೆಗಾಲದಷ್ಟು ತೇವ ಇನ್ನೆಲ್ಲಿ ಸಿಗಬೇಕು ಹೇಳಿ. ಆದ್ದರಿಂದ ಹಳೇ ಶೂ ಇದ್ದರೆ ಹೊರಡುವ ಎರಡು ವಾರ ಮುಂಚೆ ಎರಡೂ ಕೈಯಲ್ಲಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಿ ನೋಡಿ. ಅಟ್ಟೆಯ ಬದಿಯಲ್ಲಿ ಸುಕ್ಕು, ಬಿರುಕು, ಪುಡಿ ಕಂಡರೆ ಬಿಟ್ಟುಬಿಡಿ. ಏನೂ ಕಾಣದಿದ್ದರೆ ಅದರಲ್ಲೇ ಮೂರು ನಾಲ್ಕು ದಿನ ನಡೆದು ನೋಡಿ.

ಹೊಸದಾಗಿ ಕೊಳ್ಳುವವರು ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿ ನೋಡಿ. ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದಕ್ಕೆ ತಾಗಬಾರದು, ತಾಗಿದರೆ ಇಳಿಯುವಾಗ ಉಗುರು ಹೋಗುತ್ತದೆ. ಅಟ್ಟೆ ಗಟ್ಟಿ ಪ್ಲಾಸ್ಟಿಕ್ ಆಗಿರಬಾರದು, ಉಗುರಲ್ಲಿ ಒತ್ತಿದರೆ ಚೂರು ತಗ್ಗುವ ರಬ್ಬರ್ ಇರಬೇಕು. ತೋಟದಲ್ಲಿ ಹಾಕುವ ಗಮ್ ಬೂಟು ಜಿಗಣೆಗೆ ಒಳ್ಳೆಯದು, ಬಂಡೆಗೆ ಅಲ್ಲ. ಒಳಗೆ ಪಾದ ಅಲುಗಾಡುತ್ತದೆ.

ಬ್ಯಾಗಿನಲ್ಲಿ ಏನಿರಬೇಕು

ನೀರು ತಲಾ ಮೂರು ಲೀಟರ್. ಹತ್ತುವಾಗ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬೇಡಿ, ಉಳಿದದ್ದು ಇಳಿಯುವುದಕ್ಕೆ. ಬಾಟಲಿಯ ಮೇಲೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಗುರುತು ಮಾಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಎರಡು ಓಆರ್‌ಎಸ್ ಪೊಟ್ಟಣ ಇರಲಿ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಊಟಕ್ಕೆ ಅಕ್ಕಿ ರೊಟ್ಟಿ ಮತ್ತು ಗಟ್ಟಿ ಚಟ್ನಿ. ಸಂಜೆಯವರೆಗೂ ಕೆಡುವುದಿಲ್ಲ, ಬ್ಯಾಗಿನಲ್ಲಿ ಚೆಲ್ಲುವುದಿಲ್ಲ. ಜೇಬಿನಲ್ಲಿ ಕಡಲೆ ಮಿಠಾಯಿ, ಖರ್ಜೂರ. ಕೊಡಗಿನ ಕಿತ್ತಳೆ ಸಿಕ್ಕುವ ಕಾಲವಾದರೆ ಎರಡು ಹಣ್ಣು ಇಟ್ಟುಕೊಳ್ಳಿ. ತುದಿಯಲ್ಲಿ ಕೂತು ಸುಲಿದು ತಿನ್ನುವುದರ ಸುಖವೇ ಬೇರೆ. ಸಿಪ್ಪೆಯನ್ನು ಮಾತ್ರ ಬ್ಯಾಗಿಗೇ ಹಾಕಿ, ಪ್ಲಾಸ್ಟಿಕ್ ಕವರಿನ ಮಾತು ಕೇಳಲೇಬೇಡಿ. ಕಾಡಿಗೆ ಹೋದದ್ದೆಲ್ಲ ವಾಪಸ್ ಬರಬೇಕು.

ತಲೆಗೆ ಕಟ್ಟುವ ಟಾರ್ಚು ಒಂದು ದಿನದ ಚಾರಣಕ್ಕೂ ಬೇಕೇ ಬೇಕು. ಮೊಬೈಲ್ ಬೆಳಕಿನಲ್ಲಿ ಇಳಿದರೆ ಒಂದು ಕೈ ಅದಕ್ಕೇ ಹೋಗುತ್ತದೆ, ಬ್ಯಾಟರಿಯೂ ಹೋಗುತ್ತದೆ. ಮಳೆ ಕೋಟು, ಒಂದು ಸ್ವೆಟರ್, ಒಣ ಕಾಲುಚೀಲ. ಎತ್ತರ ಸಾವಿರ ಮೀಟರ್ ಏರಿದರೆ ಚಳಿ ಆರು ಡಿಗ್ರಿಯಷ್ಟು ಜಾಸ್ತಿ, ಮೇಲಿನ ಗಾಳಿ ಬೇರೆ. ಗಾಯಕ್ಕೆ ಬ್ಯಾಂಡೇಜು, ಕ್ರೇಪ್ ಬ್ಯಾಂಡೇಜು, ಟೇಪು, ಒಂದು ಸೀಟಿ. ಹೆಚ್ಚುವರಿ ಲೇಸು ಒಂದು ಜೊತೆ. ಕೋಲು ಎರಡಿದ್ದರೆ ಇಳಿಯುವಾಗ ಮೊಣಕಾಲಿಗೆ ಬಹಳ ಆರಾಮ. ನಕಾಶೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ, ಶಾಂತಳ್ಳಿ ದಾಟಿದ ಮೇಲೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಬ್ಲೂಟೂತ್ ಸ್ಪೀಕರ್ ಮನೆಯಲ್ಲಿರಲಿ.

ಹೊತ್ತಿನ ಲೆಕ್ಕ

ಚಾರಣಿಗರಲ್ಲಿ ಒಂದು ಹಳೇ ಲೆಕ್ಕ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಎಂಬುವರು ಹೇಳಿದ್ದು. ಐದು ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಏಳು ಕಿ.ಮೀ., 800 ಮೀಟರ್ ಏರು ಅಂತ ಇಟ್ಟುಕೊಂಡರೆ ಎರಡೂಮುಕ್ಕಾಲು ಗಂಟೆ ಬರುತ್ತದೆ. ಇದು ಪಳಗಿದ ಕಾಲಿಗೆ, ಒಳ್ಳೆಯ ದಾರಿಗೆ. ನಮ್ಮ ಕಾಡಿನ ಬೇರು, ಬಂಡೆ, ಫೋಟೋ, ಜಿಗಣೆ ಎಲ್ಲ ಸೇರಿ ಒಂದೂವರೆ ಪಟ್ಟು ಮಾಡಿ. ನಾಲ್ಕು ಗಂಟೆ. ಇಳಿಯುವುದಕ್ಕೂ ಅಷ್ಟೇ ಇಟ್ಟುಕೊಳ್ಳಿ. ಇಳಿಯುವುದು ಬೇಗ ಆಗುತ್ತದೆ ಅನ್ನುವವರು ಕಡಿದಾದ ಬಂಡೆ ಇಳಿದಿರುವುದಿಲ್ಲ.

ಬೆಳಗ್ಗೆ ಏಳಕ್ಕೆ ಹೊರಟರೆ ಹನ್ನೊಂದಕ್ಕೆ ತುದಿ. ಮುಕ್ಕಾಲು ಗಂಟೆ ಅಲ್ಲಿ. ನಾಲ್ಕರೊಳಗೆ ಕೆಳಗೆ. ಡಿಸೆಂಬರ್‌ನಲ್ಲಿ ಆರು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಐದೂವರೆಗೇ ಮಬ್ಬು. ಅಂದರೆ ಕೈಯಲ್ಲಿ ಉಳಿಯುವುದು ಒಂದೂವರೆ ಗಂಟೆ ಮಾತ್ರ. ಯಾರದ್ದಾದರೂ ಕಾಲು ಉಳುಕಿದರೆ ಅದು ಸಾಲುವುದಿಲ್ಲ.

ಅದಕ್ಕೇ ಒಂದು ಗಂಟೆಯನ್ನು ಮನೆಯಲ್ಲೇ ನಿಶ್ಚಯ ಮಾಡಿ. ನಮ್ಮ ಗುಂಪಿನದ್ದು ಹನ್ನೆರಡೂವರೆ. ಎಲ್ಲಿದ್ದರೂ ಸರಿ, ಹನ್ನೆರಡೂವರೆಗೆ ತಿರುಗುವುದು. ತುದಿಗೆ ನೂರು ಹೆಜ್ಜೆ ಇದ್ದರೂ ತಿರುಗುವುದು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಬಾಯಲ್ಲೂ ಇದನ್ನು ಹೇಳಿಸಿ. ಮೇಲೆ ಹೋದ ಮೇಲೆ ಚರ್ಚೆ ಶುರು ಮಾಡಿದರೆ ತುದಿಯೇ ಗೆಲ್ಲುತ್ತದೆ.

ಆ ರಾತ್ರಿ ಶಾಂತಳ್ಳಿ, ಸೋಮವಾರಪೇಟೆ ಸುತ್ತಮುತ್ತ ತಂಗಿ. ಉಗುರು ಕತ್ತರಿಸಿ. ಮನೆಯವರಿಗೆ ದಾರಿ, ಹೊರಡುವ ಹೊತ್ತು, ವಾಪಸ್ ಬರುವ ಹೊತ್ತು ಬರೆದು ಕಳಿಸಿ. "ರಾತ್ರಿ ಎಂಟರವರೆಗೂ ಫೋನ್ ಬರದಿದ್ದರೆ 112ಕ್ಕೆ ಹೇಳಿ" ಅಂತ ಸ್ಪಷ್ಟವಾಗಿ ಬರೆಯಿರಿ.

ಕಾಡಿನ ದಾರಿ

ಬೆಳಕು ಹರಿಯುವ ಮುಂಚೆ ತೋಟದ ರಸ್ತೆಯಲ್ಲಿ ನಡೆಯಬೇಡಿ. ಆ ಹೊತ್ತಿಗೆ ಆನೆಗಳು ತೋಟದಿಂದ ಕಾಡಿಗೆ ಮರಳುತ್ತಿರುತ್ತವೆ. ದಾರಿಯಲ್ಲಿ ಹಬೆಯಾಡುವ ಲದ್ದಿ, ಆಗತಾನೇ ಮುರಿದ ಕೊಂಬೆ ಕಂಡರೆ ನಿಂತು ಕಿವಿಗೊಡಿ. ಆನೆ ಕಂಡರೆ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ, ಫೋಟೋ ಬೇಡ. ಸ್ಥಳೀಯ ಗೈಡ್ ಇದ್ದರೆ ಅವರ ಮಾತೇ ಕೊನೆ.

ಜಿಗಣೆ ಮಳೆ ನಿಂತ ಮೇಲೂ ತೇವದ ಜಾಗದಲ್ಲಿ ಇರುತ್ತದೆ. ಒಣಗಿದ ಎಲೆಯ ಮೇಲೆ ದಾರದ ತುಂಡಿನ ಹಾಗೆ ಎದ್ದು ನಿಂತು, ನಮ್ಮ ಬಿಸಿಗೆ ತಲೆ ಆಡಿಸುತ್ತಿರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚುವುದು ನಮ್ಮ ಹಳೇ ಉಪಾಯ, ಬೇವಿನೆಣ್ಣೆಯೂ ಆಗುತ್ತದೆ. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಸಣಕಲು ತುದಿ ಅದರ ಬಾಯಿ. ಅಲ್ಲಿಗೆ ಉಗುರು ಒತ್ತಿ ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಹೆದರಬೇಡಿ, ಒರೆಸಿ ಒತ್ತಿ ಹಿಡಿದು ಬ್ಯಾಂಡೇಜು ಹಾಕಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಕಾಲುಂಗುರ, ಗೆಜ್ಜೆ ತೆಗೆಯಿರಿ. ಕೋಲು ಇಟ್ಟು ಆ ಅಂಗ ಅಲುಗದ ಹಾಗೆ ಕಟ್ಟಿ. ನಡೆಸದೆ ಹೊತ್ತುಕೊಂಡು ಇಳಿಸಿ. ನೆಟ್‌ವರ್ಕ್ ಸಿಕ್ಕ ಕೂಡಲೇ 108.

ಬಂಡೆ

ಕಾಡು ತೆಳುವಾಗುತ್ತದೆ, ಬೆಳಕು ಬರುತ್ತದೆ, ಕಾಲಡಿ ಕಲ್ಲು. ಇಲ್ಲಿ ಎರಡು ನಿಮಿಷ ನಿಂತು ನೀರು ಕುಡಿದು ಲೇಸು ಬಿಗಿ ಮಾಡಿ. ಬ್ಯಾಗಿನ ಹೊರಗೆ ತೂಗಾಡುವುದೆಲ್ಲ ಒಳಗೆ ಹಾಕಿ.

ಆಮೇಲೆ ಬಂಡೆಯ ಬಣ್ಣ ನೋಡಿ. ಬೂದು ಬಣ್ಣ, ಮುಟ್ಟಿದರೆ ಉಪ್ಪುಕಾಗದದ ಹಾಗೆ ತರಿತರಿ ಇದ್ದರೆ ಅದೇ ನಿಮ್ಮ ದಾರಿ. ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟಿಗಳು ಇರುತ್ತವಲ್ಲ, ಅವು ಮಳೆಗಾಲದಲ್ಲಿ ನೀರು ಹರಿಯುವ ಜಾಗ. ಒಣಗಿದ ಹಾಗೆ ಕಂಡರೂ ಪಾಚಿ ಇರುತ್ತದೆ, ಬೆಳಗಿನ ಮಂಜು ಬಿದ್ದರೆ ಎಣ್ಣೆ ಸವರಿದ ಹಾಗೆ. ಅದನ್ನು ತುಳಿಯಬೇಡಿ, ದಾಟಲೇಬೇಕಾದರೆ ಒಂದೇ ಹೆಜ್ಜೆಯಲ್ಲಿ ದಾಟಿ. ಬಂಡೆ ಮೇಲೆ ಬಿದ್ದ ತರಗೆಲೆಯೂ ಹಾಗೇ.

ಪಾದವನ್ನು ಪೂರ್ತಿ ಊರಿ. ಕಡಿದಾದಷ್ಟೂ ತುದಿಗಾಲಲ್ಲಿ ನಿಲ್ಲಬೇಕು ಅನ್ನಿಸುತ್ತದೆ, ಆದರೆ ಅಟ್ಟೆ ಎಷ್ಟು ತಾಗಿದರೆ ಅಷ್ಟು ಹಿಡಿತ. ಹೆದರಿದಾಗ ಮೈ ತಾನಾಗಿ ಬಂಡೆಗೆ ಒರಗುತ್ತದೆ. ಆಗಲೇ ಕಾಲು ಹೊರಕ್ಕೆ ಜಾರುವುದು. ಭಾರ ಪಾದದ ಮೇಲೆ ನೇರವಾಗಿ ಬೀಳುವ ಹಾಗೆ ನಿಲ್ಲಿ. ಕೈ ಬೇಕಾಗುವ ಕಡೆ ಎರಡು ಕೈ, ಎರಡು ಕಾಲಲ್ಲಿ ಮೂರು ಯಾವಾಗಲೂ ನೆಲೆ ಹಿಡಿದಿರಲಿ, ಒಂದನ್ನು ಮಾತ್ರ ಎತ್ತಿ. ಹುಲ್ಲಿನ ಬುಡ ಹಿಡಿದು ಎಳೆಯಬೇಡಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಬೇಡ. ಕಲ್ಲು ಉರುಳಿದರೆ "ಕಲ್ಲು!" ಅಂತ ಜೋರಾಗಿ ಕೂಗಿ.

ಐದಾರು ಹೆಜ್ಜೆಗೊಮ್ಮೆ ಹಿಂದಿರುಗಿ ಕೆಳಗೆ ನೋಡಿ. ಹೆದರಿಸುವುದಕ್ಕಲ್ಲ. ಇದೇ ಜಾಗದಲ್ಲಿ ಇಳಿಯಬೇಕಲ್ವಾ? ಎಲ್ಲಿ ಕಾಲಿಟ್ಟಿರಿ, ಯಾವ ಪೊದೆಯ ಪಕ್ಕ ತಿರುಗಿದಿರಿ ನೆನಪಿಟ್ಟುಕೊಳ್ಳಿ. ಮಂಜು ಮುಸುಕಿದರೆ ಆ ನೆನಪೇ ದಾರಿ. ಒಂದು ತುಂಡು ಬಂಡೆಯನ್ನು ನೋಡಿ "ಇದನ್ನು ಇಳಿಯಲು ನನಗಾಗದು" ಅನ್ನಿಸಿದರೆ ಅದನ್ನು ಹತ್ತಬೇಡಿ. ಮಳೆ ಶುರುವಾದರೆ, ಗುಡುಗು ಕೇಳಿದರೆ ಗಂಟೆ ನೋಡಬೇಡಿ, ತಕ್ಷಣ ಇಳಿಯಿರಿ.

ತುದಿಯಿಂದ ಮನೆವರೆಗೆ

ತುದಿಯಲ್ಲಿ ಸಣ್ಣ ಗುಡಿ ಇದೆ. ಶೂ ಬಿಚ್ಚಿ ಕೈಮುಗಿಯುವಾಗ ಕಾಲುಚೀಲವನ್ನೂ ಬದಲಾಯಿಸಿಬಿಡಿ, ಒಣ ಚೀಲದಲ್ಲಿ ಬೊಬ್ಬೆ ಬರುವುದು ಕಮ್ಮಿ. ಸ್ವೆಟರ್ ಹಾಕಿ, ಊಟ ಮಾಡಿ, ಓಆರ್‌ಎಸ್ ಕುಡಿಯಿರಿ. ಹೊರಡುವ ಮುಂಚೆ ಕಣಕಾಲಿನ ಹತ್ತಿರ ಲೇಸನ್ನು ಬಿಗಿಯಾಗಿ ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕೂತರೆ ಬೆರಳು ಮುಂದೆ ತಾಗುವುದಿಲ್ಲ.

ಬಂಡೆ ಇಳಿಯುವಾಗ ಚಿಕ್ಕ ಹೆಜ್ಜೆ, ಮೊಣಕಾಲು ಚೂರು ಬಗ್ಗಿರಲಿ, ಓರೆಯಾಗಿ ಇಳಿಯಿರಿ. ತುಂಬ ಕಡಿದಾದ ಕಡೆ ಬಂಡೆಗೆ ಮುಖ ಮಾಡಿ ಏಣಿ ಇಳಿದ ಹಾಗೆ. ಕೂತು ಜಾರುವುದು ಬೇಡ, ನಿಲ್ಲಿಸಲು ಆಗುವುದಿಲ್ಲ. ಗುಂಪಿನಲ್ಲಿ ನಿಧಾನ ನಡೆಯುವವರು ಮುಂದೆ, ಅನುಭವ ಇರುವವರು ಒಬ್ಬರು ಕೊನೆಗೆ. ಕಾಡು ಸೇರಿದ ಮೇಲೆ "ಮುಗೀತು" ಅನ್ನಿಸಿ ಮಾತು ಜಾಸ್ತಿಯಾಗುತ್ತದೆ. ದಣಿದ ಕಾಲು ಬೇರಿಗೆ ಎಡವುವುದು ಅಲ್ಲೇ. ಪ್ರತಿ ಗಂಟೆಗೆ ಐದು ನಿಮಿಷ ಕೂತು ಏನಾದರೂ ಬಾಯಿಗೆ ಹಾಕಿ.

ಚೆಕ್‌ಪೋಸ್ಟ್‌ನಲ್ಲಿ ವಾಪಸ್ ಬಂದದ್ದನ್ನು ತಪ್ಪದೆ ಹೇಳಿ ಹೋಗಿ, ಇಲ್ಲದಿದ್ದರೆ ನಿಮಗಾಗಿ ಯಾರೋ ಕತ್ತಲಲ್ಲಿ ಬೆಟ್ಟ ಹತ್ತಬೇಕಾಗುತ್ತದೆ. ಮನೆಗೆ ಫೋನ್ ಮಾಡಿ. ಒಂದು ಲೋಟ ಬಿಸಿ ಬೆಲ್ಲದ ಕಾಫಿ ಕುಡಿಯಿರಿ. ರಾತ್ರಿ ಮಲಗುವ ಮುಂಚೆ ಶೂವಿನ ಕೆಸರು ತೊಳೆದು, ಒಳಗೆ ಹಳೇ ಪೇಪರ್ ತುರುಕಿ, ಗಾಳಿ ಆಡುವ ಕಡೆ ಇಡಿ. ಒಲೆ ಹತ್ತಿರ ಬೇಡ, ಅಟ್ಟಕ್ಕಂತೂ ಬೇಡವೇ ಬೇಡ.